ಒಬ್ಬಳು ಹಿಡಿಯಬೇಕು, ಒಬ್ಬಳು ತಿರುಗಿಸಬೇಕು

ಇಸ್ತ್ರಿಯಮ್ಮನ ಕಣ್ಣಿಗೆ ಸರಿಯಾಗಿ ಕಂಡ ಮನುಷ್ಯರು ಬಹಳ ಕಡಿಮೆ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಆಕೆಯೇ ಯಜಮಾನಿ. ರೋಗಿಗಳ ಹೊದಿಕೆ, ದಿಂಬಿನ ಚೀಲ, ಡಾಕ್ಟರರ ಬಿಳಿ ಕೋಟು ಎಲ್ಲವೂ ಆಕೆಯ ಕೈ ದಾಟಿಯೇ ಮೇಲಿನ ವಾರ್ಡುಗಳಿಗೆ ಹೋಗಬೇಕು. ಹೆಸರು ಬಂದದ್ದು ಅಲ್ಲಿಂದಲೇ. ಅರ್ಧ ಕೆಲಸದಿಂದ ಬಂತು, ಇನ್ನರ್ಧ ಆಕೆಯ ಕತ್ತಿನಿಂದ. ಆ ಕತ್ತು ಯಾರ ಮುಂದೆಯಾದರೂ ಬಾಗಿದ್ದನ್ನು ಕಂಡವರಿಲ್ಲ. ಮಡಿಸಿದ ಹೊದಿಕೆಯ ಮೂಲೆಗೆ ಮೂಲೆ ಕೂಡದಿದ್ದರೆ ಅದನ್ನು ಕೊಡವಿ ನೆಲಕ್ಕೆ ಬಿಟ್ಟು, ಮಡಿಸಿದವಳ ಮುಖವನ್ನೂ ನೋಡದೆ ಮುಂದಿನ ಮೇಜಿಗೆ ನಡೆದುಬಿಡುತ್ತಿದ್ದಳು. ಬೈಯುವ ಪದ್ಧತಿ ಆಕೆಯದಲ್ಲ. ಬೈಯಬೇಕೆಂದರೆ ಎದುರಿಗಿರುವವರು ಬೈಗುಳಕ್ಕಾದರೂ ಲಾಯಕ್ಕಾಗಿರಬೇಕು ಎಂಬುದು ಆಕೆಯ ಮತ.

ಮನೆಯಲ್ಲಿ ಅಂಥ ಲಾಯಕ್ಕಿನವರು ಒಬ್ಬರೂ ಇರಲಿಲ್ಲ. ಗಂಡ ಗ್ರಂಥಾಲಯದಲ್ಲಿ ಗುಮಾಸ್ತ. ಪುಸ್ತಕಗಳನ್ನು ಓದದೆ, ಅವುಗಳ ಬೆನ್ನು ಓದಿಕೊಂಡೇ ಪಂಡಿತನಾದವನು. ಯಾವ ಕಷ್ಟ ಬಂದರೂ ಅದಕ್ಕೆ ಕಾರಣ ಹೇಳುತ್ತಿದ್ದ, ಪರಿಹಾರ ಹೇಳಿದ್ದಿಲ್ಲ. ಮೈದುನ ಸಾಮಾನು ಸಾಗಿಸುವ ವ್ಯಾನಿನ ಡ್ರೈವರು. ಅವನು ಕಾರಣದ ಗೊಡವೆಗೇ ಹೋಗದೆ ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿ ಸೀದಾ ಕೈಹಾಕುವವನು. ಅವನ ಕೈ ಬಿದ್ದ ವಸ್ತು ಮತ್ತೆ ಎದ್ದದ್ದಿಲ್ಲ. ಅಣ್ಣ ಬಾಯಿ, ತಮ್ಮ ಕೈ, ಇಬ್ಬರಿಗೂ ಸೇರಿ ಒಂದು ತಲೆ ಕೊಡುವುದನ್ನು ಅತ್ತೆ ಮರೆತಿದ್ದಳು ಎಂದು ಇಸ್ತ್ರಿಯಮ್ಮ ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ಇನ್ನು ಮೈದುನನ ಹೆಂಡತಿ. ಓರಗಿತ್ತಿ ಎಂಬ ಶಬ್ದವನ್ನು ಇಸ್ತ್ರಿಯಮ್ಮ ಬಳಸುತ್ತಿರಲಿಲ್ಲ. ‘ಮೈಕು’ ಎನ್ನುತ್ತಿದ್ದಳು, ಅದೂ ಗಂಡನ ಹತ್ತಿರ ಮಾತ್ರ. ಆ ಹೆಂಗಸಿಗೆ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೆಲಸ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ದಿನವಿಡೀ ಮೈಕಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ಅದೇ ಧಾಟಿ ಅಂಟಿಕೊಂಡಿತ್ತು. “ಸ್ನಾನಕ್ಕೆ ಹೋಗತಕ್ಕವರು ಬೇಗ ಹೋಗತಕ್ಕದ್ದು” ಎಂದು ಬೆಳಿಗ್ಗೆ ಗಂಡನಿಗೆ ಹೇಳಿದರೆ ಬೀದಿಯವರೆಲ್ಲ ಟವೆಲ್ ಹುಡುಕಬೇಕು, ಅಂಥ ಗಂಟಲು. ಆಳು ಮಾತ್ರ ಗಾಳಿ ಬಂದರೆ ಹಾರಿಹೋಗುವಷ್ಟು ಸಣ್ಣ.

ಇವರಿಬ್ಬರಿಗೆ ಮಾತು ನಿಂತು ವರ್ಷಗಳಾಗಿದ್ದವು. ನಿಂತದ್ದು ಅತ್ತೆ ಸತ್ತ ದಿನ. ಹೆಣದ ಮೇಲೆ ಹೊದಿಸಲು ಇಸ್ತ್ರಿಯಮ್ಮ ತನ್ನ ಪೆಟ್ಟಿಗೆಯಿಂದ ಒಂದು ಹೊಸ ಹೊದಿಕೆ ತೆಗೆದಳು. ಬಿಳಿ ಬಟ್ಟೆ, ನೀಲಿ ಅಂಚು, ಕತ್ತಿಯಂಥ ಮಡಿಕೆ. ಅದನ್ನು ಹೊದಿಸುತ್ತಿರುವಾಗ ನೆಂಟರೆಲ್ಲರ ನಡುವೆ ಮೈಕು, “ಇದು ಆಸ್ಪತ್ರೆದಲ್ವಾ ಅಕ್ಕ?” ಎಂದು ಕೇಳಿಬಿಟ್ಟಳು. ಪಿಸುಮಾತಿನಲ್ಲಿ ಕೇಳಿದ್ದೇ, ಆದರೆ ಆಕೆಯ ಪಿಸುಮಾತು ಬೀದಿ ತಿರುವಿನವರೆಗೆ ಹೋಗುವಂಥದ್ದು. ಅಳುತ್ತಿದ್ದವರು ಕೂಡ ಒಂದು ಕ್ಷಣ ಅಳು ನಿಲ್ಲಿಸಿ ಬಟ್ಟೆಯ ಅಂಚು ನೋಡಿದರು. ಆಸ್ಪತ್ರೆಯಿಂದ ಒಂದೆಳೆ ದಾರವನ್ನೂ ಮನೆಗೆ ತಾರದ ಇಸ್ತ್ರಿಯಮ್ಮ ಉತ್ತರ ಕೊಡಲಿಲ್ಲ. ಹೊದಿಕೆಯ ಮೂಲೆ ಸರಿಮಾಡಿ ಎದ್ದು ಹೋದಳು. ಅವತ್ತು ಮುಚ್ಚಿದ ಬಾಯಿ ಮೈಕಿನ ಎದುರು ಮತ್ತೆ ತೆರೆಯಲಿಲ್ಲ.

ಆಮೇಲೆ ಮನೆ ಪಾಲಾಯಿತು. ನಡುಮನೆಗೆ ಗೋಡೆ ಎದ್ದಿತು, ಅಡುಗೆಮನೆ ಎರಡಾದವು. ಹಿಂದುಗಡೆಯ ಟಾಯ್ಲೆಟ್ ಒಂದನ್ನು ಮಾತ್ರ ಪಾಲು ಮಾಡಲಾಗಲಿಲ್ಲ. ಒಂದೇ ಪೈಪು, ಒಂದೇ ಗುಂಡಿ. ಎರಡೂ ಕಡೆಯಿಂದ ಒಂದೊಂದು ಬಾಗಿಲು ತೆರೆದುಕೊಳ್ಳುವ ಸಣ್ಣ ಓಣಿ, ಅದರ ಕೊನೆಗೆ ಇಬ್ಬರಿಗೂ ಸೇರಿದ ಆ ಕೋಣೆ. ಲೋಕದಲ್ಲಿ ಇಬ್ಬರ ಹಗೆ ಬೇರೆ ಬೇರೆ ಬಾಗಿಲಿನಿಂದ ಹೊರಟು ಹೀಗೆ ಒಂದೇ ಕಕ್ಕಸಿನಲ್ಲಿ ಕೂಡುವುದು ಅಪರೂಪ.

ಆ ಕಕ್ಕಸಿನ ಫ್ಲಶ್ ಟ್ಯಾಂಕು ಯಾವಾಗಲೋ ನಿಧಾನವಾಗತೊಡಗಿತು. ಮೊದಲು ಯಾರೂ ಗಮನಿಸಲಿಲ್ಲ. ಬರಬರುತ್ತಾ ಒಬ್ಬರು ಹೋಗಿಬಂದರೆ ಇನ್ನೊಬ್ಬರು ಓಣಿಯಲ್ಲಿ ಕಾಯುವಂತಾಯಿತು. ಒಳಗೆ ನೀರು ಬೀಳುವ ಸದ್ದು ಮುದುಕಿಯ ಗೊಣಗಾಟದ ಹಾಗೆ, ಸಣ್ಣಗೆ, ಮುಗಿಯದೆ. ಇಸ್ತ್ರಿಯಮ್ಮ ಓಣಿಯಲ್ಲಿ ನಿಂತು, “ರೀ, ಕೆಲವರಿಗೆ ಒಳಗೆ ಹೋಗೋದು ಗೊತ್ತು, ಬೇರೆಯವರೂ ಮನುಷ್ಯರು ಅನ್ನೋದು ಗೊತ್ತಿಲ್ಲ” ಎಂದು ಗಂಡನಿಗೆ ಹೇಳುತ್ತಿದ್ದಳು. ಆ ಕಡೆ ಮೈಕು ಖಾಲಿ ಬಕೆಟ್ಟಿಗೆ ಹೇಳುತ್ತಿದ್ದಳು: “ಟ್ಯಾಂಕು ತುಂಬದೇ ಇರೋದಕ್ಕೆ ನಾನೇನು ಬಾಯಿ ಹಾಕಿ ಕುಡಿದೆನಾ?” ಬಕೆಟ್ಟು ಉತ್ತರ ಕೊಡುತ್ತಿರಲಿಲ್ಲ. ಅದೊಂದೇ ಆ ಮನೆಯಲ್ಲಿ ಮರ್ಯಾದಸ್ಥ ವಸ್ತು.

ಗಂಡನನ್ನು ಕೇಳಿದರೆ, “ಊರಿಗೇ ನೀರಿನ ಒತ್ತಡ ಕಡಿಮೆಯಾಗಿದೆ ಕಣೇ, ಜನ ಹೆಚ್ಚಾದರು” ಎಂದ. ಮೈದುನ ಒಂದು ದಿನ ವೀಡಿಯೊ ನೋಡಿಕೊಂಡು ಒಳಗೆ ಹೋದ, ಬಹಳ ಹೊತ್ತು ಲೊಟಗುಟ್ಟಿಸಿದ, ಕೈಗೆಲ್ಲ ಅಂಟು ಮೆತ್ತಿಕೊಂಡು ಹೊರಗೆ ಬಂದು “ಈಗ ನೋಡಿ ಅತ್ತಿಗೆ” ಎಂದ. ನೋಡಿದರೆ ಮೊದಲಿಗಿಂತಲೂ ನಿಧಾನ. ಒಬ್ಬ ಪ್ಲಂಬರ್ ಬಂದ. ಬಾಗಿಲಲ್ಲೇ ನಿಂತು, ಒಳಗೆ ಕಾಲನ್ನೂ ಇಡದೆ, ಮೊಬೈಲಿನ ಟಾರ್ಚು ಹಾಯಿಸಿ, “ಎಲ್ಲಾ ತೆಗೀಬೇಕಮ್ಮ, ಗೋಡೆ ಒಡೀಬೇಕು” ಎಂದು ಹೇಳಿ, ನಾಳೆ ಬರುತ್ತೇನೆಂದು ಹೋದ. ಆ ನಾಳೆ ಇನ್ನೂ ಬಂದಿರಲಿಲ್ಲ. ಇಸ್ತ್ರಿಯಮ್ಮ ಇನ್ನೊಬ್ಬನನ್ನು ಕರೆಯಲಿಲ್ಲ. ತಾನೇ ಮತ್ತೆ ಕರೆದರೆ ಕೆಡಿಸಿದವಳು ತಾನೇ ಎಂದಾದೀತು. ಮೈಕೂ ಕರೆಯಲಿಲ್ಲ, ಅದೇ ಕಾರಣಕ್ಕೆ. ಎರಡು ಸಂಸಾರಗಳೂ ಬಕೆಟ್ಟು ಹೊತ್ತುಕೊಂಡು ಬದುಕುವುದನ್ನು ಕಲಿತವು.

ಆಸ್ಪತ್ರೆಯ ಹಿರಿಯ ನರ್ಸಮ್ಮ ಮನೆಗೆ ಬಂದದ್ದು ಹೀಗಿರುವಾಗ. ಇಸ್ತ್ರಿಯಮ್ಮ ಮನುಷ್ಯರೆಂದು ಒಪ್ಪಿಕೊಂಡಿದ್ದ ಕೆಲವೇ ಜನರಲ್ಲಿ ಆಕೆ ಒಬ್ಬಳು. ಈ ಕಡೆ ಯಾರನ್ನೋ ನೋಡಲು ಬಂದವಳು ಹಾಗೇ ಬಂದು ಕುಳಿತಳು, ಮನೆಯ ಚೊಕ್ಕಟವನ್ನು ಹೊಗಳಿದಳು, ಆಮೇಲೆ ಮೆಲ್ಲಗೆ ಹಿಂದುಗಡೆ ಎಲ್ಲಿ ಎಂದು ಕೇಳಿದಳು. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಇಸ್ತ್ರಿಯಮ್ಮನಿಗೆ ಒಳಗೇನಾಗುತ್ತಿದೆ ಎಂದು ಗೊತ್ತು. ಅರ್ಧ ತುಂಬಿದ ಟ್ಯಾಂಕಿನ ಹಿಡಿಕೆಯನ್ನು ಆ ದೊಡ್ಡ ಹೆಂಗಸು ಮತ್ತೆ ಮತ್ತೆ ಒತ್ತುತ್ತಿದ್ದಾಳೆ. ಎದ್ದು ಓಣಿಗೆ ಹೋಗುವಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದು ಮೈಕು ತುಂಬಿದ ಬಕೆಟ್ಟು ತಂದು ಕಕ್ಕಸಿನ ಬಾಗಿಲ ಮುಂದಿಟ್ಟಳು. ಬಾಗಿಲನ್ನು ಎರಡು ಸಲ ತಟ್ಟಿ, ಇಸ್ತ್ರಿಯಮ್ಮನ ಕಡೆ ನೋಡದೆ ಒಳಗೆ ಹೋದಳು.

ನರ್ಸಮ್ಮ ಹೊರಗೆ ಬಂದು, “ನೀರು ಸ್ವಲ್ಪ ಕಷ್ಟ ಅಲ್ವಾ ನಿಮ್ಮಲ್ಲಿ” ಎಂದಳು. ಪಾಪ, ಸಮಾಧಾನಕ್ಕೇ ಹೇಳಿದ್ದು. ಇಸ್ತ್ರಿಯಮ್ಮನಿಗೆ ಕಾದ ಇಸ್ತ್ರಿಪೆಟ್ಟಿಗೆ ಅಂಗೈಗೆ ಒತ್ತಿದಂತಾಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಆ ಬಕೆಟ್ಟು. ಮೈಕು ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಉಪಕಾರ ಮಾಡಿ ಹೋಗಿದ್ದಳು.

ಮುಂದಿನ ರಜೆಯ ದಿನ ಊಟವಾದ ಮೇಲೆ ಅಣ್ಣ ತಮ್ಮ ಇಬ್ಬರೂ ಸ್ನೇಹಿತನ ಮನೆಗೆ ಇಸ್ಪೀಟು ಆಡಲು ಹೋದರು. ಗೋಡೆ ಎದ್ದ ಮೇಲೂ ಗಂಡಸರಿಬ್ಬರೂ ಮೊದಲಿನ ಹಾಗೇ ಇದ್ದರು. ಹಗೆಯ ಭಾರ ಹೊರುವುದನ್ನೂ ಹೆಂಗಸರಿಗೇ ಬಿಟ್ಟಿದ್ದರು. ಇಸ್ತ್ರಿಯಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೈದುನ ಓಣಿಯಲ್ಲೇ ಬಿಟ್ಟಿದ್ದ ಸ್ಪ್ಯಾನರ್ ತೆಗೆದುಕೊಂಡು ಕಕ್ಕಸಿಗೆ ನಡೆದಳು. ಟ್ಯಾಂಕಿನ ವಿದ್ಯೆ ಆಕೆಗೇನೂ ಗೊತ್ತಿರಲಿಲ್ಲ. ಗೊತ್ತಿದೆ ಎಂದುಕೊಂಡವರ ಗತಿ ನೋಡಿದ್ದಳು, ಅಷ್ಟೇ.

ಮೊದಲು ಕೈತೊಳೆಯುವ ನಲ್ಲಿ ತಿರುಗಿಸಿದಳು. ನೀರು ಭರ್ರೆಂದು ಬಂತು. ಗಂಡನ ಊರೊತ್ತಡದ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಗೋಡೆಯ ಹತ್ತಿರದ ಸಣ್ಣ ಕಾಕ್ ಮುಚ್ಚಿ, ಟ್ಯಾಂಕಿಗೆ ಹೋಗುವ ಪೈಪನ್ನು ಬಿಚ್ಚಿ, ಅದರ ಬಾಯಿಯನ್ನು ಬಕೆಟ್ಟಿಗೆ ಹಿಡಿದು ಮತ್ತೆ ಕಾಕ್ ತೆರೆದಳು. ನೀರು ಬಕೆಟ್ಟಿನ ತಳಕ್ಕೆ ಹೊಡೆದು ಚಿಮ್ಮಿ ಆಕೆಯ ಮುಖ ತೊಳೆಯಿತು. ಅಂದರೆ ಪೈಪಿನವರೆಗೆ ಎಲ್ಲ ಸರಿಯಿದೆ, ರೋಗ ಇರುವುದು ಟ್ಯಾಂಕಿನ ಒಳಗೆ, ನೀರನ್ನು ಒಳಗೆ ಬಿಡುವ ಆ ಪ್ಲಾಸ್ಟಿಕ್ ವಾಲ್ವಿನಲ್ಲಿ. ಗೋಡೆ ಒಡೆಯಬೇಕೆಂದ ಪ್ಲಂಬರನನ್ನು ನೆನೆದು ಮೂಗಿನಲ್ಲೇ ಒಂದು ಸದ್ದು ಮಾಡಿದಳು.

ಕಾಕ್ ಮತ್ತೆ ಮುಚ್ಚಿ ಟ್ಯಾಂಕಿನ ಮುಚ್ಚಳ ಎತ್ತಿ ಟವೆಲ್ಲಿನ ಮೇಲೆ ಇಟ್ಟಳು. ವಾಲ್ವು ಹೊರಗೆ ಬರಬೇಕಾದರೆ ಟ್ಯಾಂಕಿನ ಅಡಿಯಲ್ಲಿರುವ ನಟ್ಟು ಬಿಚ್ಚಬೇಕು. ಇಲ್ಲಿ ಕೆಲಸ ನಿಂತಿತು. ಕೆಳಗೆ ನಟ್ಟು ತಿರುಗಿಸಿದರೆ ಮೇಲೆ ವಾಲ್ವೂ ಅದರ ಜೊತೆ ತಿರುಗುತ್ತದೆ, ನಟ್ಟು ಮಾತ್ರ ಬಿಚ್ಚುವುದಿಲ್ಲ. ಒಂದು ಕೈ ಮೇಲಿಟ್ಟು ಇನ್ನೊಂದು ಕೈ ಕೆಳಗೆ ಚಾಚಿದಳು. ಎಟುಕಲಿಲ್ಲ. ಟ್ಯಾಂಕಿಗೂ ಗೋಡೆಗೂ ನಡುವೆ ಇದ್ದ ಸಂದಿಗೆ ಆಕೆಯ ಭುಜ ಹಿಡಿಸಲಿಲ್ಲ. ಹಾಗೆ ತಿರುಗಿ, ಹೀಗೆ ಬಗ್ಗಿ, ಮೊಣಕಾಲೂರಿ ನೋಡಿದಳು. ಮನುಷ್ಯರಿಗೆ ಎರಡೇ ಕೈ ಕೊಟ್ಟವನ ಮೇಲೂ ಆಕೆಗೆ ತಾತ್ಸಾರ ಬಂತು.

ಓಣಿಯಲ್ಲಿ ಚಪ್ಪಲಿ ಸದ್ದಾಯಿತು. ಮೈಕು ಬಾಗಿಲ ಹತ್ತಿರ ಬಂದು ನಿಂತು, “ಇನ್ನೂ ಎಷ್ಟು ಹೊತ್ತಾಗಬಹುದು” ಎಂದು ಬಾಗಿಲನ್ನು ಕೇಳಿದಳು.

ಇಸ್ತ್ರಿಯಮ್ಮ ತಲೆ ಎತ್ತಲಿಲ್ಲ. ನಟ್ಟನ್ನೇ ನೋಡುತ್ತಾ, “ಹಿಡಿ” ಎಂದಳು.

ಮೈಕು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು. “ಯಾರಿಗೆ ಹೇಳಿದ್ದು?”

“ಇಲ್ಲಿ ಇನ್ಯಾರಿದ್ದಾರೆ?”

“ಏನನ್ನ ಹಿಡೀಬೇಕು?”

“ಕಣ್ಣಿಲ್ವಾ? ಅದನ್ನ. ಮೇಲಿಂದ. ತಿರುಗದ ಹಾಗೆ.”

ಮೈಕು ಒಳಗೆ ಬಂದು ನೀರಿನಲ್ಲಿ ಕೈಯಿಟ್ಟು ವಾಲ್ವು ಹಿಡಿದಳು. ಇಸ್ತ್ರಿಯಮ್ಮ ಕೆಳಗಿಂದ ಒಂದು ಸಲ ಸ್ಪ್ಯಾನರ್ ಎಳೆದದ್ದೇ ತಡ, ಮೈಕಿನ ಹಂಚಿಕಡ್ಡಿಯಂಥ ಮಣಿಕಟ್ಟು ವಾಲ್ವಿನ ಜೊತೆ ತಿರುಗಿಹೋಯಿತು.

“ಊಟ ಮಾಡ್ತೀಯೋ ಇಲ್ವೋ?” ಎಂದಳು ಇಸ್ತ್ರಿಯಮ್ಮ. “ಬಿಡು. ನಾನು ಮೇಲೆ ಹಿಡೀತೀನಿ, ನೀನು ಕೆಳಗೆ ಹೋಗು. ಸಣ್ಣಗಿರೋದು ಇದಕ್ಕಾದ್ರೂ ಉಪಯೋಗಕ್ಕೆ ಬರ್ಲಿ.”

“ದಪ್ಪಗಿರೋದು ಹಿಡಿಯೋಕಾದ್ರೂ ಬಂತಲ್ಲ,” ಎನ್ನುತ್ತಾ ಮೈಕು ನೆಲಕ್ಕೆ ಚೀಲ ಹಾಸಿ ಸಂದಿಯೊಳಗೆ ತೂರಿದಳು. ಹಾವು ಬಿಲಕ್ಕೆ ಹೋದಂತೆ ಹೋದಳು. “ಯಾವ ಕಡೆ ತಿರುಗಿಸ್ಲಿ?”

“ಬಿಚ್ಚೋ ಕಡೆ.”

“ಬಿಚ್ಚೋ ಕಡೆ ಅಂದ್ರೆ ಎಡಾನಾ ಬಲಾನಾ? ನಾನಿಲ್ಲಿ ಅಂಗಾತ ಮಲಗಿದೀನಿ. ನಿಮ್ಮ ಎಡ ನನಗೆ ಬಲ.”

“ನಿನಗೆ ಎಲ್ಲಾ ಯಾವಾಗ್ಲೂ ತಿರುಗುಮುರುಗಾನೇ. ಗೋಡೆ ಕಡೆ ತಿರುಗಿಸು.”

ನಟ್ಟು ಅಲುಗಲಿಲ್ಲ. ಅದರ ಸುತ್ತ ಹಳದಿ ಅಂಟು ಗಟ್ಟಿಯಾಗಿ ಕೂತಿತ್ತು.

“ಗಮ್ ಬೇರೆ ಹಾಕಿದ್ದಾನೆ ನಿನ್ನ ಗಂಡ,” ಎಂದಳು ಇಸ್ತ್ರಿಯಮ್ಮ.

“ನನ್ನ ಗಂಡ ಗಮ್ಮಾದ್ರೂ ಹಾಕಿದ್ರು. ಭಾವ ಏನ್ ಹಾಕಿದ್ರು? ಭಾಷಣ ಹಾಕಿದ್ರು.”

ಇಸ್ತ್ರಿಯಮ್ಮ ತಾನೇ ಎಷ್ಟೋ ವರ್ಷಗಳಿಂದ ಅಂದುಕೊಂಡಿದ್ದ ಮಾತು ಅದು. ಇನ್ನೊಬ್ಬರ ಬಾಯಲ್ಲಿ, ಅದೂ ಇಂಥವಳ ಬಾಯಲ್ಲಿ ಅಷ್ಟು ಚೊಕ್ಕವಾಗಿ ಬಂದದ್ದು ಕಂಡು ಸ್ವಲ್ಪ ಕಿರಿಕಿರಿಯಾಯಿತು.

ಕೆಳಗೆ ಸ್ಪ್ಯಾನರ್ ಜಾರುವ ಸದ್ದು. ಮೈಕು ಉಸಿರು ಬಿಟ್ಟಳು, ಮತ್ತೆ ಬಿಗಿಹಿಡಿದಳು. ಆಮೇಲೆ ಟ್ಯಾಂಕಿನ ಅಡಿಯಿಂದ ಧ್ವನಿ ಬಂತು, ಆಕೆಯ ಲೆಕ್ಕಕ್ಕೆ ಬಹಳ ಸಣ್ಣ ಧ್ವನಿ.

“ಆ ಬಟ್ಟೆಗೆ ನೀಲಿ ಅಂಚಿತ್ತು ಅಕ್ಕ. ಆಸ್ಪತ್ರೇಲಿ ನಮ್ಮಮ್ಮ ಮಲಗಿದ್ದಾಗಲೂ ನೀಲಿ ಅಂಚೇ ಇತ್ತು. ಅದಕ್ಕೇ ಬಾಯಿಗೆ ಬಂತು.”

ಇಸ್ತ್ರಿಯಮ್ಮನ ಕೈ ವಾಲ್ವಿನ ಮೇಲೆ ಬಿಗಿಯಾಯಿತು. “ಆಸ್ಪತ್ರೆ ಬಟ್ಟೆಗೆ ಮೂಲೇಲಿ ಮುದ್ರೆ ಇರುತ್ತೆ. ಅದು ನಾನು ಅಂಗಡೀಲಿ ತಂದಿದ್ದು. ನನಗೇ ಅಂತ ಇಟ್ಕೊಂಡಿದ್ದೆ.”

“ಆವತ್ತೇ ಹೇಳ್ಬಹುದಿತ್ತಲ್ಲ.”

“ನಿನಗಾ?”

“ನನಗೆ ಬೇಡ. ಕೂತಿದ್ದ ನೆಂಟರಿಗಾದ್ರೂ ಹೇಳ್ಬಹುದಿತ್ತು.”

ಅವತ್ತು ಅವರಿಗೆಲ್ಲ ಉತ್ತರ ಕೊಡುವುದು ತನ್ನ ಮಟ್ಟಕ್ಕೆ ತಕ್ಕುದಲ್ಲ ಎಂದು ಇಸ್ತ್ರಿಯಮ್ಮ ಅಂದುಕೊಂಡಿದ್ದಳು. ಆ ನೆಂಟರೆಲ್ಲ ಆಕೆಯನ್ನು ಕಳ್ಳಿಯೆಂದೇ ತಿಳಿದು ತಂತಮ್ಮ ಊರಿಗೆ ಹೋದರು, ಇವತ್ತಿಗೂ ಹಾಗೇ ತಿಳಿದಿರಬಹುದು. ಇದು ಹೊಳೆದದ್ದು ಈಗ, ಕೈ ತಣ್ಣೀರಿನಲ್ಲಿ ಮುಳುಗಿಸಿಕೊಂಡು, ಕಕ್ಕಸಿನ ಮೇಲೆ ಬಗ್ಗಿ ನಿಂತಾಗ.

“ನಿಮ್ಮದಲ್ಲ ತಪ್ಪು ಅಂತ ನನಗೆ ಆಮೇಲೆ ಗೊತ್ತಾಯ್ತು,” ಎಂದಿತು ಕೆಳಗಿನ ಧ್ವನಿ. “ನಿಲ್ದಾಣದ ಎದುರು ಅಂಗಡೀಲಿ ಅದೇ ಥರದ್ದು ನೇತುಹಾಕಿದ್ರು.”

“ಗೊತ್ತಾದ ಮೇಲೆ ಬಾಯಿ ಏನಾಗಿತ್ತು? ಊರಿಗೆಲ್ಲ ಕೂಗ್ತೀಯಲ್ಲ.”

“ನೀವು ಮುಖ ಕೊಟ್ಟು ನೋಡಿದ್ರೆ ತಾನೆ ಹೇಳೋದು? ಬಕೆಟ್ಟಿಗೆ ಹೇಳೋ ಮಾತಾ ಅದು?”

ಹೇಳುತ್ತಲೇ ಇದ್ದಬದ್ದ ಬಲವನ್ನೆಲ್ಲ ಹಾಕಿ ಎಳೆದಳು. ಅಂಟು ಚಟ್ಟನೆ ಬಿರಿಯಿತು.

“ತಿರುಗ್ತು,” ಎಂದಳು.

“ಗೊತ್ತಾಯ್ತು. ನಿಲ್ಲಿಸ್ಬೇಡ.”

ಟ್ಯಾಂಕಿನಲ್ಲಿ ಉಳಿದಿದ್ದ ನೀರು ಮೈಕಿನ ಮೇಲೆ ಸುರಿದು, ವಾಲ್ವು ಹೊರಗೆ ಬಂತು. ಅದರ ಬುಡದಲ್ಲಿ ಬೆರಳ ತುದಿಯಷ್ಟಗಲದ ಒಂದು ಜಾಲರಿ. ಅದರ ತುಂಬ ಸಣ್ಣ ಮರಳು, ಸುಣ್ಣದಂಥ ಬಿಳಿ ಪುಡಿ, ಮೇಲೆ ಸೋರದಿರಲೆಂದು ಮೈದುನ ಸುತ್ತಿದ್ದ ಬಿಳಿ ಟೇಪಿನ ಚೂರುಗಳು. ನೀರು ಹೋಗಲು ಸೂಜಿ ಮೊನೆಯಷ್ಟು ದಾರಿ ಉಳಿದಿತ್ತು. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಎರಡು ಸಂಸಾರಗಳನ್ನು ಇಷ್ಟು ದಿನ ಬಕೆಟ್ಟು ಹೊರಿಸಿದ್ದು ಇಷ್ಟೇ ಇಷ್ಟು ಕಸ.

ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಇಸ್ತ್ರಿಯಮ್ಮ ಜಾಲರಿ ತಿಕ್ಕಿದಳು. ಮೈಕು ನಿಂಬೆಹಣ್ಣು ತಂದು ಹಿಂಡಿದಳು. ಮತ್ತೆ ಕೂರಿಸಿ, ಪೈಪು ಸೇರಿಸಿ, ಕಾಕ್ ತೆರೆದರೆ ನಟ್ಟಿನ ಸುತ್ತ ನೀರು ಸೋರಿ ಮೈಕಿನ ಕತ್ತಿಗೆ ಇಳಿಯಿತು. ರಬ್ಬರಿನ ವಾಷರು ಟ್ಯಾಂಕಿನ ಒಳಗೆ ಇರಬೇಕಾದದ್ದು ಹೊರಗೆ ಕೂತಿತ್ತು.

“ಯಾರು ಹಾಕಿದ್ದು ಇದನ್ನ?”

“ನೀವು ಕೊಟ್ಟಿದ್ದು, ನಾನು ಹಾಕಿದ್ದು.”

“ಕೊಟ್ಟಿದ್ದನ್ನೆಲ್ಲ ಹಾಕ್ಕೊಳ್ತೀಯಾ? ಬುದ್ಧಿ ಬೇಡ್ವಾ?”

“ಬುದ್ಧಿ ನಿಮ್ಮ ಕಡೇದು ಅಂದ್ಕೊಂಡಿದ್ದೆ. ನನ್ನ ಪಾಲಿಗೆ ಬಂದಿದ್ದು ನೆಲ.”

ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು, ಮಾತಿಗೆ ಮಾತು ಬೆಳೆಸುತ್ತಲೇ. ಈ ಸಲ ಕಾಕ್ ತೆರೆದಾಗ ಟ್ಯಾಂಕಿನೊಳಗೆ ನೀರು ನುಗ್ಗಿತು. ಗೊಣಗಾಟವಿಲ್ಲ, ಭೋರ್ಗರೆತ. ಕೈ ಒರೆಸಿಕೊಳ್ಳುವಷ್ಟರಲ್ಲಿ ತುಂಬಿ ತಾನೇ ನಿಂತಿತು. ಇಬ್ಬರೂ ತಲೆಯಿಂದ ಕಾಲವರೆಗೆ ಒದ್ದೆಯಾಗಿ ನಿಂತು ಆ ಮೌನವನ್ನು ಕೇಳಿದರು. ಮೈಕು ಹಿಡಿಕೆ ಒತ್ತಿದಳು. ಮತ್ತೆ ತುಂಬಿತು. ಇಸ್ತ್ರಿಯಮ್ಮನೂ ಒಂದು ಸಲ ಒತ್ತಿದಳು, ಮೈಕಿನ ಕೈ ನಂಬಲಾಗದು ಎಂಬಂತೆ.

ಸಂಜೆ ಗಂಡಸರು ಬಂದರು. ಮೊದಲು ಮೈದುನ ಒಳಗೆ ಹೋಗಿ ಬಂದ. “ಆವತ್ತು ನಾನು ಮಾಡಿದ ರಿಪೇರಿ ಈಗ ಕೆಲಸ ಮಾಡೋಕೆ ಶುರುವಾಗಿದೆ” ಎಂದ. ಆಮೇಲೆ ಗಂಡ ಹೋಗಿ ಬಂದು ಕನ್ನಡಕ ಒರೆಸಿಕೊಳ್ಳುತ್ತಾ, “ಊರಲ್ಲಿ ಒತ್ತಡ ಸುಧಾರಿಸಿದ ಹಾಗಿದೆ” ಎಂದ. ಓಣಿಯ ಆ ಕಡೆ ಬಾಗಿಲಲ್ಲಿ ಮೈಕು, ಈ ಕಡೆ ಬಾಗಿಲಲ್ಲಿ ಇಸ್ತ್ರಿಯಮ್ಮ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ನಗಲಿಲ್ಲ. ಆದರೆ ಆ ನೋಟದಲ್ಲಿ ಅಣ್ಣ ತಮ್ಮ ಇಬ್ಬರೂ ಮಡಿಸಿ, ಒತ್ತಿ, ಕಪಾಟಿಗೆ ಸೇರಿಹೋದರು.

ಇದರಿಂದ ಅವರ ನಡುವೆ ಪ್ರೀತಿ ಹುಟ್ಟಿತು ಎಂದುಕೊಂಡರೆ ತಪ್ಪು. ಮಾತು ಹುಟ್ಟಿತು. ಮರುದಿನ ಬೆಳಿಗ್ಗೆಯೇ ಇಸ್ತ್ರಿಯಮ್ಮ ಆ ಕಡೆಯ ಬಾಗಿಲು ಬಡಿದು, ಕಕ್ಕಸಿನ ಕಿಟಕಿ ಮುಚ್ಚದೆ ಬಿಟ್ಟದ್ದಕ್ಕೆ ಮೈಕನ್ನು ಎದುರಿಗೇ ಬೈದಳು. ಮೈಕು ಎದುರಿಗೇ ತಿರುಗಿಸಿ ಕೊಟ್ಟಳು. ಇಸ್ತ್ರಿಯಮ್ಮ ಒಬ್ಬರನ್ನು ಬೈದದ್ದೆಂದರೆ ಅದು ಸಣ್ಣ ಗೌರವವಲ್ಲ. ಆಸ್ಪತ್ರೆಯಲ್ಲಿ ಆ ಭಾಗ್ಯ ಯಾರಿಗೂ ಸಿಕ್ಕಿರಲಿಲ್ಲ. ಕೆಲವು ದಿನಗಳಾದ ಮೇಲೆ ಯಾರದೋ ಮನೆಯ ಮದುವೆಯಲ್ಲಿ ಮೈಕು ನೆಂಟರ ಸಾಲಿನ ನಡುವೆ ಕೂತು, ಆ ಹೊದಿಕೆ ಅಕ್ಕ ಅಂಗಡಿಯಲ್ಲಿ ಕೊಂಡದ್ದು, ತಾನೇ ತಪ್ಪು ತಿಳಿದಿದ್ದು ಎಂದು ಹೇಳಿದಳು. ಪಿಸುಮಾತಿನಲ್ಲೇ ಹೇಳಿದಳು. ಅಡುಗೆಯವರಿಗೂ ಕೇಳಿಸಿತು. ಇಸ್ತ್ರಿಯಮ್ಮ ಕೇಳಿಸದವಳ ಹಾಗೆ ನೀರು ಕುಡಿದಳು.

ಸುದ್ದಿ ಬೀದಿಯಲ್ಲಿ ಹರಡಿತು. ಎದುರುಮನೆಯ ಟೀಚರಮ್ಮನ ಟ್ಯಾಂಕೂ ನಿಧಾನವಂತೆ, ಪ್ಲಂಬರ್ ಅಲ್ಲೂ ನಾಳೆ ಎಂದಿದ್ದಾನಂತೆ. ಒಬ್ಬಳೇ ಹೋದರೆ ಆಗುವ ಕೆಲಸವಲ್ಲವಾದ್ದರಿಂದ ಇಬ್ಬರೂ ಹೋದರು. ಇಸ್ತ್ರಿಯಮ್ಮ ಹಿಡಿದಳು, ಮೈಕು ತಿರುಗಿಸಿದಳು. ಟೀಚರಮ್ಮ ಬಾಗಿಲಲ್ಲಿ ನಿಂತು ಬಹಳ ಉಪಕಾರವಾಯಿತೆಂದು ಹೇಳುತ್ತಲೇ ಇದ್ದಳು. ಹೊರಗೆ ಬಂದ ಮೇಲೆ ರಸ್ತೆ ದಾಟಿದರೆ ಮನೆ. ಇಬ್ಬರೂ ದಾಟಲಿಲ್ಲ. ಬೇಕರಿಯ ತಿರುವಿನ ಕಡೆಗೆ ನಡೆದರು.

“ನೆಲ ನೋಡಿದ್ಯಾ?” ಎಂದಳು ಇಸ್ತ್ರಿಯಮ್ಮ. “ಮೂಲೆ ಮೂಲೇಲಿ ಪಾಚಿ. ಮಕ್ಕಳಿಗೆ ಪಾಠ ಹೇಳ್ತಾಳಂತೆ.”

“ನಾನು ಅದರ ಮೇಲೇ ಮಲಗಿದ್ದೆ ಅಕ್ಕ, ನನ್ನ ಕೇಳ್ಬೇಕಾ? ಆ ಸೋಪು ನೋಡಿದ್ರಾ ನೀವು, ಕೂದಲು ಅಂಟ್ಕೊಂಡು?”

“ನೋಡ್ಲಿಲ್ಲ. ಎಲ್ಲಿತ್ತು?”

“ಹೇಳ್ತೀನಿ ನಡೀರಿ.”